ರಕ್ತ ಬಿದ್ದ ನೆಲ ಯಾವುದು?

ಹೊಲದ ಬದುವಿನ ವ್ಯಾಜ್ಯವನ್ನು ಕಾಣದ ಹಳ್ಳಿಯು ನಮ್ಮ ನಾಡಿನಲ್ಲಿ ಇರಲಾರದು. ಎರಡು ಹಳ್ಳಗಳ ನಡುವೆ ಒಂದು ತುಂಡು ನೆಲವಿರುವುದೆಂದು ಭಾವಿಸೋಣ. ಈಚೆಯ ದಡದವನು ‘ಆಚೆಯ ಹಳ್ಳದವರೆಗೂ ನನ್ನದು’ ಎನ್ನುತ್ತಾನೆ; ಆಚೆಯ ದಡದವನು ‘ಈಚೆಯ ಹಳ್ಳದವರೆಗೂ ನನ್ನದು’ ಎನ್ನುತ್ತಾನೆ. ಊರ ಹಿರಿಯರು ಸೇರಿ ಗಡಿಕಲ್ಲು ನೆಡಿಸುವುದಕ್ಕೆ ಮೊದಲೇ, ಬಲಶಾಲಿಯಾದ ಈಚೆಯವನು ಆಳುಗಳ ಕೈಗೆ ದೊಣ್ಣೆ ಕೊಟ್ಟು ಆ ನೆಲದಲ್ಲಿ ನೇಗಿಲು ಹೂಡಿಸುತ್ತಾನೆ. ಆಚೆಯವನ ಮಕ್ಕಳು ಬಂದು ತಡೆಯುತ್ತಾರೆ. ಹೊಡೆದಾಟವಾಗಿ ಒಬ್ಬ ಆಳಿನ ತಲೆ ಒಡೆಯುತ್ತದೆ. ಕೂಡಲೇ ಈಚೆಯವನು ಚಾವಡಿಗೆ ಓಡಿಬಂದು, ‘ನನ್ನ ಹೊಲದಲ್ಲಿ ನನ್ನ ಆಳಿನ ರಕ್ತ ಸುರಿಸಿದರು!’ ಎಂದು ಮೊರೆಯಿಡುತ್ತಾನೆ. ಅಲ್ಲಿ ಕುಳಿತ ಹಿರಿಯರು ವಿವೇಕಿಗಳಾಗಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು? ರಕ್ತವು ಎಷ್ಟು ಬಿದ್ದಿತೆಂಬುದಲ್ಲ. ಯಾವ ನೆಲದ ಮೇಲೆ ಬಿದ್ದಿತೆಂಬುದು.

ಇದೇ ಪ್ರಶ್ನೆಯನ್ನು ೧೮೪೭ನೆಯ ಇಸವಿಯ ಡಿಸೆಂಬರ್ ೨೨ರಂದು, ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಧಾನಿಯಾದ ವಾಷಿಂಗ್‌ಟನ್ನಿನಲ್ಲಿ, ಪ್ರಜಾಪ್ರತಿನಿಧಿ ಸಭೆಗೆ ಅದೇ ತಿಂಗಳು ಕಾಲಿಟ್ಟಿದ್ದ ಮೂವತ್ತೆಂಟು ವರ್ಷದ ವಕೀಲರೊಬ್ಬರು ತಮ್ಮ ದೇಶದ ಅಧ್ಯಕ್ಷರಿಗೆ ಹಾಕಿದರು. ವಕೀಲರ ಹೆಸರು ಅಬ್ರಹಾಂ ಲಿಂಕನ್. ಅಧ್ಯಕ್ಷರ ಹೆಸರು ಜೇಮ್ಸ್ ಪೋಲ್ಕ್. ಆ ದೇಶದ ಅಧ್ಯಕ್ಷರು ಯಾವ ಯುದ್ಧಕ್ಕೆ ಕೈಯಿಕ್ಕಿದರೂ ಒಂದು ಪಕ್ಷದವರು ಭೇಷ್ ಎನ್ನುವುದೂ ಇನ್ನೊಂದು ಪಕ್ಷದವರು ಛೀ ಎನ್ನುವುದೂ ಬಹುಕಾಲದಿಂದ ನಡೆದುಬಂದಿದೆ. ಆ ಜಗಳವು ಪತ್ರಿಕೆಗಳ ಮೂಲಕ ನಮ್ಮ ಮನೆಯ ಜಗಲಿಗೂ ಬಂದು ಕೂರುತ್ತದೆ. ಇಂತಹ ಜಗಳದಲ್ಲಿ ಸತ್ಯಕ್ಕೆ ಎಷ್ಟು ಪಾಲು, ಪಕ್ಷಕ್ಕೆ ಎಷ್ಟು ಪಾಲು ಎಂಬುದನ್ನು ತೂಗಿ ನೋಡುವುದಕ್ಕೆ ಪೋಲ್ಕರ ಯುದ್ಧಕ್ಕಿಂತ ಒಳ್ಳೆಯ ನಿದರ್ಶನವು ನಮಗೆ ತಿಳಿದಿಲ್ಲ. ಆದುದರಿಂದ ಈ ತಿಂಗಳು ಅದನ್ನೇ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಆ ದೇಶದ ಕಟ್ಟಳೆಯನ್ನು ಎರಡು ಮಾತಿನಲ್ಲಿ ಹೇಳುವುದು ಅಗತ್ಯ. ನಮ್ಮ ದೇಶದ ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರು. ಅಮೆರಿಕದ ಅಧ್ಯಕ್ಷರಾದರೋ ರಾಷ್ಟ್ರದ ಮುಖ್ಯಸ್ಥರೂ ಹೌದು, ಸರಕಾರವನ್ನು ನಡೆಯಿಸುವವರೂ ಹೌದು, ಒಂದು ಪಕ್ಷದ ನಾಯಕರೂ ಹೌದು. ಸೈನ್ಯಕ್ಕೆ ಅವರೇ ಮಹಾದಂಡನಾಯಕರು. ಆದರೆ ಯುದ್ಧವನ್ನು ಸಾರುವ ಅಧಿಕಾರವನ್ನು ಅಲ್ಲಿಯ ರಾಜ್ಯಾಂಗವು ಅವರಿಗೆ ಕೊಡದೆ, ಪ್ರಜಾಪ್ರತಿನಿಧಿ ಸಭೆ ಮತ್ತು ಸೆನೆಟ್ ಎಂಬ ಎರಡು ಸಭೆಗಳು ಕೂಡಿದ ಕಾಂಗ್ರೆಸ್ಸಿಗೆ ಕೊಟ್ಟಿದೆ. ಕತ್ತಿಯು ಒಬ್ಬರ ಸೊಂಟದಲ್ಲಿ, ಅದನ್ನು ಒರೆಯಿಂದ ಹಿರಿಯಲು ಬೇಕಾದ ಅಪ್ಪಣೆಯು ಇನ್ನೊಬ್ಬರ ಬಾಯಲ್ಲಿ! ಬುದ್ಧಿಪೂರ್ವಕವಾಗಿಯೇ ಹೀಗೆ ಮಾಡಿದರು. ಆದರೆ ಕತ್ತಿಯನ್ನು ಕಟ್ಟಿಕೊಂಡವರು, ಅದನ್ನು ಹಿರಿಯದೆ ವಿಧಿಯಿಲ್ಲದ ಸ್ಥಳಕ್ಕೆ ತಾವೇ ನಡೆದುಹೋಗಿ ನಿಂತುಕೊಂಡರೆ, ಅಪ್ಪಣೆ ಕೊಡತಕ್ಕವರು ಮಾಡುವುದೇನು? ಪೋಲ್ಕರ ಕಥೆಯ ತಿರುಳು ಇದೇ.

ಟೆಕ್ಸಾಸ್ ಎಂಬ ಸೀಮೆಯು ಮೊದಲು ಮೆಕ್ಸಿಕೋ ದೇಶಕ್ಕೆ ಸೇರಿದ್ದಿತು. ೧೮೩೬ರಲ್ಲಿ ಅಲ್ಲಿಯ ವಲಸೆಗಾರರು ದಂಗೆಯೆದ್ದು ಸ್ವತಂತ್ರರೆಂದು ಸಾರಿಕೊಂಡರು. ೧೮೪೫ರ ಕೊನೆಯಲ್ಲಿ ಆ ಸೀಮೆಯನ್ನು ಸಂಯುಕ್ತ ಸಂಸ್ಥಾನವು ತನ್ನೊಳಕ್ಕೆ ಸೇರಿಸಿಕೊಂಡಿತು. ಅದರ ದಕ್ಷಿಣದ ಎಲ್ಲೆ ಯಾವುದು? ನ್ಯೂಸೆಸ್ ನದಿಯೇ ಎಲ್ಲೆಯೆಂದು ಮೆಕ್ಸಿಕೋದವರ ವಾದ. ಅದಕ್ಕಿಂತ ಬಹು ದೂರ ದಕ್ಷಿಣಕ್ಕಿರುವ ರಿಯೋ ಗ್ರಾಂಡೆ ನದಿಯೇ ಎಲ್ಲೆಯೆಂದು ಟೆಕ್ಸಾಸಿನವರ ವಾದ. ನಾವು ಮೊದಲು ಹೇಳಿದ ಎರಡು ಹಳ್ಳಗಳು ಇವೇ. ಪೋಲ್ಕರು ಡೆಮೊಕ್ರಾಟಿಕ್ ಪಕ್ಷದವರು. ಟೆಕ್ಸಾಸನ್ನು ಸೇರಿಸಿಕೊಳ್ಳುವೆವೆಂದು ಸಾರಿ ಗೆದ್ದವರು. ಪಶ್ಚಿಮ ಸಮುದ್ರತೀರದ ಕ್ಯಾಲಿಫೋರ್ನಿಯದ ಮೇಲೂ ಕಣ್ಣಿಟ್ಟಿದ್ದವರು. ಅದನ್ನು ಹಣಕ್ಕೆ ಕೊಳ್ಳಬೇಕೆಂದು ಜಾನ್ ಸ್ಲೈಡೆಲ್ ಎಂಬ ದೂತರನ್ನು ಮೆಕ್ಸಿಕೋಗೆ ಕಳುಹಿಸಿದರು. ಮೆಕ್ಸಿಕೋದವರು ಆ ದೂತರನ್ನು ಬರಮಾಡಿಕೊಳ್ಳಲಿಲ್ಲ. ೧೮೪೬ರ ಜನವರಿ ೧೩ರಂದು ಪೋಲ್ಕರು ತಮ್ಮ ಸೇನಾಪತಿ ಜಕರಿ ಟೇಲರರಿಗೆ ರಿಯೋ ಗ್ರಾಂಡೆಯವರೆಗೂ ಮುಂದುವರಿಯುವಂತೆ ಆಜ್ಞೆಯಿತ್ತರು. ಟೇಲರರು ಹೋಗಿ, ಆಚೆಯ ದಡದ ಮಟಮೋರಸ್ ಪಟ್ಟಣಕ್ಕೆ ಎದುರಾಗಿ ಕೋಟೆ ಕಟ್ಟತೊಡಗಿದರು. ನೇಗಿಲು ಹೂಡಿದಂತಾಯಿತು.

ಮುಂದಿನದನ್ನು ಪೋಲ್ಕರ ಸ್ವಂತ ದಿನಚರಿಯಿಂದಲೇ ಲೋಕವು ತಿಳಿಯಿತು. ಮೇ ತಿಂಗಳ ೯ನೆಯ ತಾರೀಖು ಶನಿವಾರ ಅವರ ಮಂತ್ರಿಮಂಡಲವು ಸೇರಿತು. ಗಡಿಯಲ್ಲಿ ಹೊಡೆದಾಟವಾದ ಸುದ್ದಿಯು ಆಗ ಇನ್ನೂ ರಾಜಧಾನಿಯನ್ನು ಮುಟ್ಟಿರಲಿಲ್ಲ. ಆದರೂ ಮೆಕ್ಸಿಕೋ ಮೇಲೆ ಯುದ್ಧ ಸಾರುವಂತೆ ಕಾಂಗ್ರೆಸ್ಸಿಗೆ ಬರೆಯಬೇಕೆಂದು ಅಂದೇ ನಿಶ್ಚಯವಾಯಿತು. ನೌಕಾಮಂತ್ರಿಗಳಾದ ಬ್ಯಾಂಕ್ರಾಫ್ಟರು ಮಾತ್ರ, ಅವರು ಮೊದಲು ಕೈಮಾಡಲಿ, ಆಮೇಲೆ ನೋಡೋಣವೆಂದರು. ಅದೇ ಸಂಜೆ ಸುದ್ದಿ ಬಂದಿತು: ಏಪ್ರಿಲ್ ೨೫ರಂದು ಎರಡು ನದಿಗಳ ನಡುವಣ ನೆಲದಲ್ಲಿ ಮೆಕ್ಸಿಕೋದ ಕುದುರೆಸವಾರರು ಟೇಲರರ ಕಾವಲು ತುಕಡಿಯೊಂದನ್ನು ಸುತ್ತುಗಟ್ಟಿ, ಕೆಲವರನ್ನು ಕೊಂದು ಉಳಿದವರನ್ನು ಸೆರೆಹಿಡಿದಿದ್ದರು. ಪೋಲ್ಕರಿಗೆ ಬೇಕಾದ ಕಾರಣವು ತಾನಾಗಿ ಬಾಗಿಲಿಗೆ ಬಂದಂತಾಯಿತು. ಸೋಮವಾರ ೧೧ರಂದು ಅವರು ಕಾಂಗ್ರೆಸ್ಸಿಗೆ ಬರೆದುಕಳುಹಿಸಿದ ಸಂದೇಶದ ಸಾರಾಂಶವಿಷ್ಟೆ: ಮೆಕ್ಸಿಕೋ ನಮ್ಮ ಎಲ್ಲೆಯನ್ನು ದಾಟಿದೆ, ನಮ್ಮ ನೆಲದಲ್ಲಿ ನಮ್ಮವರ ರಕ್ತವನ್ನು ಚೆಲ್ಲಿದೆ, ಯುದ್ಧವು ಆಗಲೇ ಮೊದಲಾಗಿಹೋಗಿದೆ.

ಈಗ ಪಕ್ಷದ ಚಾತುರ್ಯವನ್ನು ನೋಡಬೇಕು. ಗಡಿಯಲ್ಲಿ ಅಪಾಯಕ್ಕೆ ಸಿಕ್ಕಿದ ಸೈನಿಕರಿಗೆ ನೆರವನ್ನು ಕಳುಹಿಸುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಐವತ್ತು ಸಾವಿರ ಸ್ವಯಂಸೇವಕ ಭಟರನ್ನೂ ಒಂದು ಕೋಟಿ ಡಾಲರನ್ನೂ ಒದಗಿಸುವ ಆ ಮಸೂದೆಗೆ ಒಂದು ಪೀಠಿಕೆಯನ್ನು ಹೆಣೆದಿದ್ದರು: ಮೆಕ್ಸಿಕೋದ ಕೃತ್ಯದಿಂದಲೇ ಯುದ್ಧಸ್ಥಿತಿಯು ಒದಗಿದೆಯೆಂದು. ಎದುರು ಪಕ್ಷವಾದ ವಿಗ್ಗರು ಇಕ್ಕಟ್ಟಿಗೆ ಸಿಕ್ಕಿದರು. ಮಸೂದೆಗೆ ಹೌದೆಂದರೆ ಪೀಠಿಕೆಯ ಮಾತನ್ನೂ ಒಪ್ಪಿದಂತೆ; ಇಲ್ಲವೆಂದರೆ ಸೈನಿಕರಿಗೆ ಅನ್ನ ನಿಲ್ಲಿಸಿದವರೆಂಬ ಅಪಕೀರ್ತಿ. ೧೮೧೨ರಲ್ಲಿ ಇಂಗ್ಲೆಂಡಿನೊಡನೆ ನಡೆದ ಯುದ್ಧವನ್ನು ವಿರೋಧಿಸಿದ ಫೆಡರಲಿಸ್ಟ್ ಪಕ್ಷವು ಆಮೇಲೆ ಹೆಸರಿಲ್ಲದಂತೆ ಅಳಿದುಹೋದದ್ದು ಅವರ ನೆನಪಿನಲ್ಲಿದ್ದಿತು. ಪ್ರಜಾಪ್ರತಿನಿಧಿ ಸಭೆಯಲ್ಲಿ ಚರ್ಚೆಗೆ ದೊರೆತದ್ದು ಎರಡು ಗಂಟೆಯ ಕಾಲ. ಸಂದೇಶದ ಜೊತೆಯಲ್ಲಿ ಬಂದ ಕಾಗದಪತ್ರಗಳನ್ನು ನೆಟ್ಟಗೆ ಓದುವುದಕ್ಕೂ ಅದು ಸಾಲದು. ಮತ ಎಣಿಸಿದಾಗ ಪರವಾಗಿ ೧೭೪, ವಿರೋಧವಾಗಿ ೧೪. ಮರುದಿನ ಸೆನೆಟ್ಟಿನಲ್ಲಿ ಪರವಾಗಿ ೪೦, ವಿರೋಧವಾಗಿ ೨. ಮೇ ೧೩ರಂದು ಅಧ್ಯಕ್ಷರು ರುಜು ಹಾಕಿದರು.

ಇಲ್ಲವೆಂದ ಆ ಹದಿನಾಲ್ವರಲ್ಲಿ ಒಬ್ಬರು ಜಾನ್ ಕ್ವಿನ್ಸಿ ಆಡಮ್ಸರು. ಅವರು ತಾವೇ ಹಿಂದೆ ಅಧ್ಯಕ್ಷರಾಗಿದ್ದು, ಆ ಪದವಿಯನ್ನಿಳಿದ ಮೇಲೆ ಸಾಮಾನ್ಯ ಪ್ರತಿನಿಧಿಯಾಗಿ ಮರಳಿ ಬಂದ ವೃದ್ಧರು. ಇನ್ನೊಬ್ಬರನ್ನೂ ಇಲ್ಲಿ ನೆನೆಯಬೇಕು. ದಕ್ಷಿಣದ ಸೆನೆಟರಾದ ಜಾನ್ ಕಾಲ್ಹೂನರು ಅಧ್ಯಕ್ಷರ ಸ್ವಪಕ್ಷದವರೇ. ಗುಲಾಮಗಿರಿಯನ್ನು ಎತ್ತಿ ಹಿಡಿದ ಅವರ ಮಿಕ್ಕ ಅಭಿಪ್ರಾಯಗಳನ್ನು ನಾವು ಎಂದಿಗೂ ಒಪ್ಪಲಾರೆವು. ಆದರೆ ಸಂಗತಿಯನ್ನು ಪರೀಕ್ಷಿಸದೆ ಯುದ್ಧಕ್ಕೆ ಕೈಯೆತ್ತಲಾರೆನೆಂದು ಅವರು ಅಂದು ಮತವನ್ನೇ ಕೊಡಲಿಲ್ಲ. ಕೌರವರ ಸಭೆಯಲ್ಲಿ ದ್ರೌಪದಿಗೆ ಅನ್ಯಾಯವಾದಾಗ ಭೀಷ್ಮದ್ರೋಣರೇ ಬಾಯಿ ಕಟ್ಟಿ ಕುಳಿತಿರಲು, ದುರ್ಯೋಧನನ ಒಡಹುಟ್ಟಿದ ವಿಕರ್ಣನು ಎದ್ದು ನಿಂತುದನ್ನು ವಾಚಕರು ಬಲ್ಲರು. ಎದುರು ಪಕ್ಷದವನು ಇಲ್ಲವೆಂದರೆ ಅದರಲ್ಲಿ ಧರ್ಮವೂ ಇರಬಹುದು, ಹಗೆಯೂ ಇರಬಹುದು. ಒಡಹುಟ್ಟಿದವನು ಇಲ್ಲವೆಂದರೆ ಅಲ್ಲಿ ಹಗೆಯ ಮಾತೇ ಏಳುವುದಿಲ್ಲ.

ಯುದ್ಧವು ಸಾಗಿತು, ಗೆಲವುಗಳ ಮೇಲೆ ಗೆಲವುಗಳು ಬಂದುವು, ಆದರೂ ಜಗಳ ನಿಲ್ಲಲಿಲ್ಲ. ೧೮೪೬ರ ಡಿಸೆಂಬರಿನಲ್ಲಿ ಪೋಲ್ಕರು ಕಾಂಗ್ರೆಸ್ಸಿಗೆ ಬರೆಯುತ್ತ, ಯುದ್ಧವನ್ನು ಅನ್ಯಾಯವೆನ್ನುವವರು ಶತ್ರುವಿಗೆ ಧೈರ್ಯ ಕೊಟ್ಟು ನೆರವಾಗುತ್ತಿದ್ದಾರೆಂದು ಬಿಡಿಸಿ ಹೇಳಿದರು. ಇಂತಹ ಆಕ್ಷೇಪಣೆಯನ್ನು ಹೊತ್ತ ವಿಗ್ ನಾಯಕರು ಯಾರು? ಹೆನ್ರಿ ಕ್ಲೇಯವರು ಯುದ್ಧವನ್ನು ಖಂಡಿಸಿದರು. ೧೮೪೭ರ ಫೆಬ್ರವರಿಯಲ್ಲಿ ಬ್ಯೂನ ವಿಸ್ಟ ಎಂಬಲ್ಲಿ ಅವರ ಮಗನು ಹೋರಾಡುತ್ತ ಮಡಿದನು. ಡೇನಿಯಲ್ ವೆಬ್‌ಸ್ಟರರು ಯುದ್ಧವನ್ನು ಖಂಡಿಸಿದರು. ೧೮೪೮ರ ಜನವರಿಯಲ್ಲಿ ಅವರ ಮಗನು ಸೈನ್ಯದಲ್ಲಿದ್ದು ಮೆಕ್ಸಿಕೋದಲ್ಲಿ ಜ್ವರದಿಂದ ತೀರಿಕೊಂಡನು. ತಂದೆಯು ಅನ್ಯಾಯವೆಂದ ಯುದ್ಧಕ್ಕೆ ಮಗನು ಪ್ರಾಣವನ್ನಿತ್ತ ಮನೆಯನ್ನು ದೇಶದ್ರೋಹಿಯ ಮನೆಯೆನ್ನುವುದಕ್ಕೆ ನಾಲಗೆಯಾದರೂ ಹೇಗೆ ಬಂದೀತು? ಯುದ್ಧವನ್ನು ಪ್ರಶ್ನಿಸುವವನಿಗೆ ಸೈನಿಕನ ಮೇಲೆ ಪ್ರೀತಿಯಿಲ್ಲವೆಂಬುದು ಎಲ್ಲ ಕಾಲದಲ್ಲಿಯೂ ಸುಲಭವಾಗಿ ಆಡುವ ಮಾತು. ಆ ಎರಡು ಮನೆಗಳ ದುಃಖವೇ ಅದಕ್ಕೆ ಉತ್ತರ.

ಇಂತಹ ಸಮಯದಲ್ಲಿ ಲಿಂಕನ್ನರು ಸಭೆಗೆ ಬಂದರು. ಅವರೂ ವಿಗ್ ಪಕ್ಷದವರೇ. ಡಿಸೆಂಬರ್ ೨೨ರಂದು ಅವರು ಮಂಡಿಸಿದುದು ಎಂಟು ಪ್ರಶ್ನೆಗಳು. ವಕೀಲರು ಸಾಕ್ಷಿಯನ್ನು ಪಾಟೀಸವಾಲು ಮಾಡುವಂತೆ ಒಂದೊಂದನ್ನೂ ಹೊಂದಿಸಿದ್ದರು. ನಮ್ಮವರ ರಕ್ತ ಬಿದ್ದ ಆ ಸ್ಥಳವು ಮೊದಲಿನಿಂದಲೂ ಮೆಕ್ಸಿಕೋಗೆ ಸೇರಿದ್ದಲ್ಲವೆ? ಅಲ್ಲಿ ವಾಸವಾಗಿದ್ದ ಜನರು ಎಂದಾದರೂ ನಮಗೆ ಕಂದಾಯ ಕೊಟ್ಟರೆ, ನಮ್ಮ ನ್ಯಾಯಸ್ಥಾನಕ್ಕೆ ಬಂದರೆ, ನಮ್ಮ ಚುನಾವಣೆಯಲ್ಲಿ ಮತವಿತ್ತರೆ? ನಮ್ಮ ಸೈನ್ಯವು ಬಂದುದನ್ನು ಕಂಡು ಅವರು ಮನೆಮಾರು ಬಿಟ್ಟು ಓಡಿಹೋಗಲಿಲ್ಲವೆ? ಸತ್ತವರು ಅಧ್ಯಕ್ಷರ ಆಜ್ಞೆಯಿಂದಲೇ ಅಲ್ಲಿಗೆ ಹೋದ ಸೈನಿಕರಲ್ಲವೆ? ಇದೇ ಅವುಗಳ ತಾತ್ಪರ್ಯ. ಪೋಲ್ಕರು ಇವುಗಳಿಗೆ ಉತ್ತರ ಕೊಡಲೇ ಇಲ್ಲ. ವಿಗ್ಗರಿಗೆ ಆಗ ಅಲ್ಪ ಬಹುಮತವಿದ್ದ ಆ ಸಭೆಯು ಜನವರಿ ೩ರಂದು, ಈ ಯುದ್ಧವು ಅನಾವಶ್ಯಕವಾಗಿಯೂ ರಾಜ್ಯಾಂಗಕ್ಕೆ ವಿರೋಧವಾಗಿಯೂ ಅಧ್ಯಕ್ಷರಿಂದ ಆರಂಭವಾಯಿತೆಂದು ಅತ್ಯಲ್ಪ ಮತಗಳ ಅಂತರದಿಂದ ನಿರ್ಣಯ ಮಾಡಿತು. ಲಿಂಕನ್ನರು ಅದಕ್ಕೆ ಮತವಿತ್ತರು. ಅವರ ಸ್ವಂತ ಜಿಲ್ಲೆಯಲ್ಲಿ ಎದುರು ಪಕ್ಷದ ಪತ್ರಿಕೆಗಳು ‘ಸ್ಥಳದ ಲಿಂಕನ್’ ಎಂದು ಅವರನ್ನು ಅಣಕಿಸಿದುವು. ಮುಂದಿನ ಚುನಾವಣೆಗೆ ಅವರು ನಿಲ್ಲಲಿಲ್ಲ. ಅವರ ಪಕ್ಷದವರು ನಿಂತು ಸೋತರು. ಹತ್ತು ವರ್ಷಗಳ ಮೇಲೆ, ೧೮೫೮ರ ಪ್ರಸಿದ್ಧ ವಾದಗಳಲ್ಲಿಯೂ ಡಗ್ಲಸರು ಇದನ್ನೇ ಎತ್ತಿ ಆಡಿ ಅವರನ್ನು ಚುಚ್ಚಿದರು.

ಲಿಂಕನ್ನರ ವಕೀಲಿ ವೃತ್ತಿಯ ಪಾಲುಗಾರರಾದ ಹರ್ನ್‌ಡನ್ನರೇ ಈ ವಿಷಯದಲ್ಲಿ ಅವರನ್ನು ಒಪ್ಪಲಿಲ್ಲ. ಅವರಿಗೆ ೧೮೪೮ರ ಫೆಬ್ರವರಿ ೧೫ರಂದು ಲಿಂಕನ್ನರು ಬರೆದ ಕಾಗದವು ಬಹಳ ಬೆಲೆಯುಳ್ಳದ್ದು. ಅದರ ಅಭಿಪ್ರಾಯವಿಷ್ಟು: ಅಪಾಯವನ್ನು ತಡೆಯಲೋಸುಗ ನೆರೆಯ ದೇಶದ ಮೇಲೆ ದಂಡೆತ್ತಬಹುದೆಂದೂ, ಅಪಾಯವಿದೆಯೋ ಇಲ್ಲವೋ ಎಂಬುದನ್ನು ಅಧ್ಯಕ್ಷರೇ ತೀರ್ಮಾನಿಸಬಹುದೆಂದೂ ಒಪ್ಪಿದರೆ, ಆಮೇಲೆ ಅವರ ಅಧಿಕಾರಕ್ಕೆ ಮಿತಿಯನ್ನೆಲ್ಲಿ ಹಾಕುವಿರಿ? ರಾಜರು ಪ್ರಜೆಗಳ ಹಿತಕ್ಕೆಂದು ಹೇಳಿಕೊಂಡೇ ಅವರನ್ನು ಯುದ್ಧಗಳಲ್ಲಿ ಸಿಕ್ಕಿಸಿ ದರಿದ್ರರನ್ನಾಗಿ ಮಾಡಿದ್ದನ್ನು ಕಂಡೇ, ಯಾವ ಒಬ್ಬ ಮನುಷ್ಯನ ಕೈಯಲ್ಲಿಯೂ ಈ ಅಧಿಕಾರವಿರಕೂಡದೆಂದು ನಮ್ಮ ಹಿರಿಯರು ಕಟ್ಟಳೆ ಮಾಡಿದರು. ಈ ಕಾಗದವನ್ನು ಬರೆದ ಆರೇ ದಿನಗಳಲ್ಲಿ, ಫೆಬ್ರವರಿ ೨೧ರಂದು, ಅದೇ ಸಭೆಯಲ್ಲಿ ಮೆಕ್ಸಿಕೋ ಯುದ್ಧದ ಸೇನಾನಾಯಕರನ್ನು ಮನ್ನಿಸುವ ನಿರ್ಣಯವು ಬಂದಾಗ ಎಂಬತ್ತು ವರ್ಷದ ಆಡಮ್ಸರು ‘ಇಲ್ಲ’ವೆಂದರು, ಸ್ವಲ್ಪ ಹೊತ್ತಿನಲ್ಲಿಯೇ ತಮ್ಮ ಪೀಠದಲ್ಲಿ ಕುಸಿದರು, ಎರಡು ದಿನಗಳ ಮೇಲೆ ಆ ಕಟ್ಟಡದಲ್ಲಿಯೇ ಪ್ರಾಣ ಬಿಟ್ಟರು. ಫೆಬ್ರವರಿ ೨ರಂದೇ ಮೆಕ್ಸಿಕೋದಲ್ಲಿ ಸಂಧಿಯಾಗಿದ್ದಿತು. ಒಂದೂವರೆ ಕೋಟಿ ಡಾಲರಿಗೆ ಐದು ಲಕ್ಷ ಚದರ ಮೈಲಿಗೂ ಮೀರಿದ ನೆಲವು ಕೈಸೇರಿತು. ಅಮೆರಿಕದವರಲ್ಲಿ ಸುಮಾರು ೧೩,೦೦೦ ಮಂದಿ ಸತ್ತಿದ್ದರು. ಅವರಲ್ಲಿ ಬಹುಮಂದಿಯನ್ನು ಕೊಂದುದು ಗುಂಡಲ್ಲ, ರೋಗ.

ಇಷ್ಟನ್ನು ಓದಿದ ವಾಚಕರು ವಿಗ್ಗರೆಲ್ಲ ಧರ್ಮರಾಯರು, ಡೆಮೊಕ್ರಾಟರೆಲ್ಲ ದುರ್ಯೋಧನರು ಎಂದು ತೀರ್ಮಾನಿಸಿಯಾರು. ಹಾಗಲ್ಲ. ಪೋಲ್ಕರ ಪಕ್ಷಕ್ಕೂ ಹೇಳಿಕೊಳ್ಳುವ ಮಾತಿದ್ದಿತು. ಟೆಕ್ಸಾಸಿನವರು ೧೮೩೬ರಿಂದಲೂ ರಿಯೋ ಗ್ರಾಂಡೆಯನ್ನೇ ಎಲ್ಲೆಯೆಂದು ಹೇಳುತ್ತಲಿದ್ದರು. ಮೆಕ್ಸಿಕೋದವರಾದರೋ ಟೆಕ್ಸಾಸಿನ ಸ್ವಾತಂತ್ರ್ಯವನ್ನೇ ಒಪ್ಪದೆ, ಅದನ್ನು ಸೇರಿಸಿಕೊಂಡರೆ ಯುದ್ಧವೇ ಗತಿಯೆಂದು ಎಚ್ಚರಿಸಿದ್ದರು. ದೂತರನ್ನು ಬಾಗಿಲಿಂದಲೇ ಹಿಂದಿರುಗಿಸಿದರು. ಇನ್ನು ವಿಗ್ಗರ ನಡತೆಯನ್ನು ನೋಡೋಣ. ಪೀಠಿಕೆಯು ಸುಳ್ಳೆಂದು ತಿಳಿದೂ ೧೮೪೬ರಲ್ಲಿ ಅವರಲ್ಲಿ ಹೆಚ್ಚಿನವರು ಅದಕ್ಕೆ ಮತವಿತ್ತರು. ಯುದ್ಧವು ಅಧರ್ಮವೆಂದು ೧೮೪೮ರ ಜನವರಿಯಲ್ಲಿ ನಿರ್ಣಯ ಮಾಡಿದವರು, ಅದೇ ವರ್ಷದ ಜೂನಿನಲ್ಲಿ ಆ ಯುದ್ಧದಲ್ಲಿ ಹೆಸರು ಪಡೆದ ಸೇನಾಪತಿ ಟೇಲರರನ್ನೇ ತಮ್ಮ ಪಕ್ಷದ ಹುರಿಯಾಳಾಗಿ ಆರಿಸಿ, ಅವರನ್ನು ಗೆಲ್ಲಿಸಿ ಅಧ್ಯಕ್ಷರನ್ನಾಗಿ ಮಾಡಿದರು. ಗೆದ್ದೆತ್ತಿನ ಬಾಲ ಹಿಡಿಯುವುದೆಂದರೆ ಇದಲ್ಲವೆ? ಲಿಂಕನ್ನರೂ ಟೇಲರರ ಪರವಾಗಿ ಊರೂರು ತಿರುಗಿ ಭಾಷಣ ಮಾಡಿದರು. ಯುದ್ಧವನ್ನು ಖಂಡಿಸಿದರೂ ಸೈನ್ಯದ ಖರ್ಚಿಗೆ ತಾವು ಎಂದೂ ಅಡ್ಡಿ ಮಾಡಲಿಲ್ಲವೆಂದು ಅವರು ಡಗ್ಲಸರಿಗೆ ಉತ್ತರ ಹೇಳಿದರು. ಅದು ನಿಜ. ಅಧರ್ಮವೆಂದು ಸಭೆಯಲ್ಲಿ ಸಾರಿದ ವಿಕರ್ಣನೂ ಕೊನೆಗೆ ಅಣ್ಣನ ಪಾಳೆಯದಲ್ಲಿಯೇ ನಿಂತು ಕಾದಿ ಭೀಮನಿಂದ ಮಡಿದನಷ್ಟೆ. ಅದನ್ನು ಅವನ ದೋಷವೆನ್ನಬೇಕೋ ಗುಣವೆನ್ನಬೇಕೋ ಎಂಬ ಪ್ರಶ್ನೆಗೆ ನಮಗೆ ಇಂದಿಗೂ ಉತ್ತರ ತೋರಿಲ್ಲ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾವು ಪಾಠಶಾಲೆಯಲ್ಲಿದ್ದ ಕಾಲದಲ್ಲಿ ಲಿಂಕನ್ನರ ಈ ಎಂಟು ಪ್ರಶ್ನೆಗಳನ್ನು ಮಕ್ಕಳಿಗೆ ಬಹಳ ಉತ್ಸಾಹದಿಂದ ಹೇಳುತ್ತಿದ್ದೆವು. ಒಂದು ದಿನ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, ‘ಹಾಗಾದರೆ ೧೮೬೧ರಲ್ಲಿ ಲಿಂಕನ್ನರು ತಾವೇ ಅಧ್ಯಕ್ಷರಾದಾಗ ಕಾಂಗ್ರೆಸ್ಸನ್ನು ಕೇಳಿ ಯುದ್ಧ ಮಾಡಿದರೇ, ಸಾರ್?’ ಎಂದನು. ‘ಅದು ಬೇರೆ, ಕೂತುಕೋ’ ಎಂದು ನಾವು ಗದರಿಸಿದೆವು. ಹುಡುಗನು ಕುಳಿತನು. ಆ ಮಾತು ಮಾತ್ರ ನಮ್ಮೊಳಗೆ ಕುಳಿತುಕೊಳ್ಳಲಿಲ್ಲ.

ಏಕೆಂದರೆ ಹುಡುಗನ ಪ್ರಶ್ನೆಯಲ್ಲಿ ಹುರುಳಿದ್ದಿತು. ೧೮೬೧ರ ಏಪ್ರಿಲ್ ೧೨ರಂದು ದಕ್ಷಿಣದ ದಂಗೆಕೋರರು ಸಮ್‌ಟರ್ ಕೋಟೆಯ ಮೇಲೆ ಗುಂಡು ಹಾರಿಸಿದರು. ೧೫ರಂದು ಲಿಂಕನ್ನರು ೭೫,೦೦೦ ಭಟರಿಗೆ ಕರೆಯಿತ್ತರು. ೧೯ರಂದು ದಕ್ಷಿಣದ ರೇವುಗಳಿಗೆ ಹಡಗುಗಳ ಮುತ್ತಿಗೆಯನ್ನು ಸಾರಿದರು. ಅದೇ ತಿಂಗಳು, ಯಾರನ್ನೂ ನ್ಯಾಯಾಧೀಶರ ಮುಂದೆ ನಿಲ್ಲಿಸದೆ ಸೆರೆಯಲ್ಲಿಡಬಾರದೆಂಬ ಹಳೆಯ ರಕ್ಷಣೆಯನ್ನು ಕೆಲವೆಡೆ ತಡೆಹಿಡಿದರು. ಕಾಂಗ್ರೆಸ್ಸು ಸೇರಿದುದು ಜುಲೈ ೪ರಂದು. ಡೆಮೊಕ್ರಾಟರು ಈಗ ಎದ್ದುನಿಂತು, ಹಿಂದೆ ವಿಗ್ಗರು ಪೋಲ್ಕರಿಗೆ ಆಡಿದ ಮಾತನ್ನೇ ಲಿಂಕನ್ನರಿಗೆ ಆಡಿದರು. ಪಾತ್ರಗಳು ಅದಲುಬದಲಾದುವು; ಸಂಭಾಷಣೆ ಮಾತ್ರ ಹಳೆಯದೇ! ೧೮೬೩ರಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ಮುತ್ತಿಗೆಯು ಸಿಂಧುವೆಂದು ತೀರ್ಪು ಕೊಟ್ಟಿತು. ಆದರೆ ಒಂಬತ್ತು ಮಂದಿಯಲ್ಲಿ ಐವರು ಪರವಾಗಿ, ನಾಲ್ವರು ವಿರೋಧವಾಗಿ. ಅದೇ ವರ್ಷ ಕ್ಲೆಮೆಂಟ್ ವಲ್ಲಾಂಡಿಗ್‌ಹಾಮ್ ಎಂಬ ವಿರೋಧ ಪಕ್ಷದ ನಾಯಕರು ಯುದ್ಧದ ವಿರುದ್ಧ ಭಾಷಣ ಮಾಡಿದುದಕ್ಕಾಗಿ ಸೈನಿಕರು ಅವರನ್ನು ಹಿಡಿದರು, ಸೈನ್ಯದ ನ್ಯಾಯಮಂಡಲಿಯು ಶಿಕ್ಷೆ ವಿಧಿಸಿತು, ಲಿಂಕನ್ನರು ಅವರನ್ನು ಗಡಿಯಾಚೆಗೆ ಅಟ್ಟಿಸಿದರು. ಪ್ರಶ್ನೆ ಕೇಳಿದ ತರುಣ ಲಿಂಕನ್ನರನ್ನು ಪೋಲ್ಕರು ಕಟುವಾಗಿ ಕಂಡಿರಬಹುದು, ಸೆರೆಗೆ ಹಾಕಿಸಲಿಲ್ಲ.

ಎರಡು ಯುದ್ಧಗಳೂ ಒಂದೇ ಎಂದು ನಾವು ಹೇಳುತ್ತಿಲ್ಲ. ನೆರೆಯವನ ಹೊಲಕ್ಕೆ ನುಗ್ಗುವುದು ಬೇರೆ. ಸ್ವಂತ ಮನೆಗೆ ಬೆಂಕಿ ಬಿದ್ದಾಗ ಯಜಮಾನನು ಯಾರನ್ನೂ ಕೇಳದೆ ನೀರು ಸುರಿಯುವುದು ಬೇರೆ. ಲಿಂಕನ್ನರು ಜುಲೈಯಲ್ಲಿ ತಾವು ಮಾಡಿದುದನ್ನೆಲ್ಲ ಕಾಂಗ್ರೆಸ್ಸಿನ ಮುಂದಿಟ್ಟು ಸಮ್ಮತಿಯನ್ನು ಬೇಡಿದರು. ಸೈನ್ಯಕ್ಕೆ ಸಂಬಂಧಪಟ್ಟ ಆಜ್ಞೆಗಳಿಗೆ ಆಗಸ್ಟಿನಲ್ಲಿ ಕಾಂಗ್ರೆಸ್ಸು ಮುದ್ರೆಯೊತ್ತಿತು. ‘ಅದು ಬೇರೆ’ ಎಂದು ನಾವು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ಏಕೆ ಬೇರೆ, ಎಲ್ಲಿಯವರೆಗೆ ಬೇರೆ, ಎಲ್ಲಿಂದ ಮುಂದೆ ಬೇರೆಯಲ್ಲ ಎಂಬುದನ್ನು ವಿಚಾರಿಸಿ ಹೇಳಬೇಕಾಗಿದ್ದಿತು. ಹಾಗೆ ಮಾಡದೆ ಗದರಿಸಿದುದು, ಲಿಂಕನ್ನರು ನಮಗೆ ಬೇಕಾದವರಾದ್ದರಿಂದ. ಸಾವಿರಾರು ಮೈಲಿ ದೂರದ ದೇಶದ, ಎಂದೋ ಮಣ್ಣಾದ ಪಕ್ಷದವರ ಜಗಳದಲ್ಲಿ ನಾವೂ ಒಬ್ಬ ಪಕ್ಷಗಾರರಾಗಿಬಿಟ್ಟಿದ್ದೆವು.

ಈಚಿನ ಚರಿತ್ರೆಯೂ ಇದನ್ನೇ ತೋರಿಸುತ್ತದೆ. ೧೯೬೪ರ ಆಗಸ್ಟಿನಲ್ಲಿ ಟಾಂಕಿನ್ ಕೊಲ್ಲಿಯಲ್ಲಿ ತಮ್ಮ ಹಡಗುಗಳ ಮೇಲೆ ಎರಡು ಸಲ ದಾಳಿಯಾಯಿತೆಂದು ಅಧ್ಯಕ್ಷ ಜಾನ್ಸನ್ನರು ಸಾರಿದರು. ವಿಯೆಟ್ನಾಮಿನಲ್ಲಿ ಬೇಕಾದುದನ್ನು ಮಾಡಲು ಅವರಿಗೆ ಪ್ರಜಾಪ್ರತಿನಿಧಿ ಸಭೆಯು ೪೧೬ ಮತಗಳಿಂದ, ಒಂದೂ ವಿರೋಧವಿಲ್ಲದೆ ಅಧಿಕಾರವಿತ್ತಿತು; ಸೆನೆಟ್ಟಿನಲ್ಲಿ ೮೮ಕ್ಕೆ ೨. ಎರಡನೆಯ ದಾಳಿಯು ನಡೆದೇ ಇರಲಿಲ್ಲವೆಂದು ಆಮೇಲೆ ಹೊರಬಿದ್ದಿತು. ಯಾವ ನೆಲವೆಂದು ಲಿಂಕನ್ನರು ಕೇಳಿದಂತೆ, ಯಾವ ನೀರೆಂದು ಆಗ ಕೇಳಬೇಕಾಗಿದ್ದಿತು. ೧೯೭೩ರಲ್ಲಿ ಕಾಂಗ್ರೆಸ್ಸು ಅಧ್ಯಕ್ಷ ನಿಕ್ಸನ್ನರ ನಿಷೇಧವನ್ನೂ ಮೀರಿ ಒಂದು ಶಾಸನ ಮಾಡಿತು: ಅಧ್ಯಕ್ಷರು ಸೈನ್ಯವನ್ನು ಕಾಳಗಕ್ಕೆ ಇಳಿಸಿದರೆ ೪೮ ಗಂಟೆಯೊಳಗೆ ವರದಿ ಕೊಡಬೇಕು, ಸಮ್ಮತಿ ದೊರೆಯದಿದ್ದರೆ ೬೦ ದಿನಗಳಲ್ಲಿ ನಿಲ್ಲಿಸಬೇಕು. ಶಾಸನವೇನೋ ಆಯಿತು, ಅದನ್ನು ಯಾರಿಗೆ ಯಾವಾಗ ನೆನಪು ಮಾಡಬೇಕೆಂಬುದು ಮಾತ್ರ ಪಕ್ಷದ ಮೇಲೆ ನಿಂತಿತು. ೧೯೯೯ರಲ್ಲಿ ಡೆಮೊಕ್ರಾಟಿಕ್ ಅಧ್ಯಕ್ಷ ಕ್ಲಿಂಟನ್ನರು ಯುಗೋಸ್ಲಾವಿಯದ ಮೇಲೆ ಬಾಂಬು ಹಾಕಿಸಿದಾಗ ರಿಪಬ್ಲಿಕನ್ನರಲ್ಲಿ ಬಹುಮಂದಿ ವಿರೋಧಿಸಿದರು. ಆ ದಾಳಿಯನ್ನು ಬೆಂಬಲಿಸುವ ನಿರ್ಣಯವು ಪ್ರಜಾಪ್ರತಿನಿಧಿ ಸಭೆಯಲ್ಲಿ ೨೧೩ಕ್ಕೆ ೨೧೩ ಸಮವಾಗಿ ಬಿದ್ದುಹೋಯಿತು. ೨೦೦೨ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ಬುಷ್ಷರು ಇರಾಕಿನ ಮೇಲೆ ಹೋಗಲು ಅಧಿಕಾರ ಕೇಳಿದಾಗ ಅದೇ ರಿಪಬ್ಲಿಕನ್ನರಲ್ಲಿ ೨೧೫ ಮಂದಿ ಹೌದೆಂದರು, ಇಲ್ಲವೆಂದವರು ೬ ಮಂದಿ. ೨೦೧೧ರಲ್ಲಿ ಡೆಮೊಕ್ರಾಟಿಕ್ ಅಧ್ಯಕ್ಷ ಒಬಾಮರು ಲಿಬಿಯದಲ್ಲಿ ಕಾರ್ಯಾಚರಣೆ ನಡೆಯಿಸಿದಾಗ, ಅಧ್ಯಕ್ಷರಿಗೆ ಇಂತಹ ಅಧಿಕಾರವಿಲ್ಲವೆಂದು ರಿಪಬ್ಲಿಕನ್ನರಿಗೆ ಮತ್ತೆ ನೆನಪಾಯಿತು. ೨೦೦೨ರಲ್ಲಿ ವಿರೋಧಿಸಿದ್ದ ಡೆಮೊಕ್ರಾಟರಲ್ಲಿ ಅನೇಕರಿಗೆ ಅದು ಮರೆತುಹೋಯಿತು.

ಇಷ್ಟೆಲ್ಲ ಕಂಡ ಮೇಲೆ, ಪಕ್ಷಗಳ ಮಾತೆಲ್ಲ ಬೂಟಾಟಿಕೆ, ಯಾರ ಪ್ರಶ್ನೆಗೂ ಕಿವಿಗೊಡಬೇಕಾಗಿಲ್ಲ ಎಂದು ಹೇಳುವವರುಂಟು. ಅದು ಸೋಮಾರಿಯ ಮಾತೆಂದು ನಮ್ಮ ಅಭಿಪ್ರಾಯ. ಕೇಳಿದವರು ಪಕ್ಷಪಾತಿಗಳಾದ ಮಾತ್ರಕ್ಕೆ ಪ್ರಶ್ನೆಯು ಸುಳ್ಳಾಗುವುದಿಲ್ಲ. ಪೋಲ್ಕರ ಯುದ್ಧದಲ್ಲಿ ತರುಣ ಸೇನಾಧಿಕಾರಿಯಾಗಿ ಕಾದಿದ ಗ್ರಾಂಟರು ಮುಂದೆ ತಾವೇ ಅಧ್ಯಕ್ಷರಾಗಿ, ಕೊನೆಗಾಲದಲ್ಲಿ ಬರೆದ ಆತ್ಮಕಥೆಯಲ್ಲಿ, ಬಲವುಳ್ಳ ದೇಶವು ಬಲಹೀನ ದೇಶದ ಮೇಲೆ ಮಾಡಿದ ಅತ್ಯಂತ ಅನ್ಯಾಯದ ಯುದ್ಧಗಳಲ್ಲಿ ಅದೊಂದೆಂದು ಒಪ್ಪಿಕೊಂಡರು. ಆ ಯುದ್ಧವನ್ನೂ ಗುಲಾಮಗಿರಿಯನ್ನೂ ನಡೆಯಿಸುವ ಸರಕಾರಕ್ಕೆ ತೆರಿಗೆ ಕೊಡಲಾರೆನೆಂದು ೧೮೪೬ರ ಜುಲೈಯಲ್ಲಿ ಒಂದು ರಾತ್ರಿ ಸೆರೆಮನೆಯಲ್ಲಿದ್ದ ಥೋರೋ ಎಂಬವರು ೧೮೪೯ರಲ್ಲಿ ಪ್ರಕಟಿಸಿದ ಪ್ರಬಂಧವು ಮಹಾತ್ಮಾ ಗಾಂಧಿಯವರ ಕೈಗೆ ಬಂದು, ೧೯೦೭ರಲ್ಲಿ ದಕ್ಷಿಣ ಆಫ್ರಿಕದ ಅವರ ಪತ್ರಿಕೆಯಲ್ಲಿ ಅದರ ವಿಚಾರಗಳು ಪ್ರಕಟವಾದುವು. ಮೆಕ್ಸಿಕೋ ಗಡಿಯಲ್ಲಿ ಎದ್ದ ಪ್ರಶ್ನೆಯು ಹೀಗೆ ನಮ್ಮ ಅಂಗಳದವರೆಗೂ ಬಂದಿತ್ತೆಂಬುದನ್ನು ಮರೆಯಬಾರದು.

ಹಾಗಾದರೆ ಮನೆಯಲ್ಲಿ ಕುಳಿತು ಪತ್ರಿಕೆಯನ್ನೋದುವ ನಾವು ಯಾರನ್ನು ನಂಬಬೇಕು? ನಮಗೆ ತೋರಿದ ಒರೆಗಲ್ಲು ಒಂದೇ. ಸ್ವಪಕ್ಷದವರ ಮುಂದೆಯೇ ಯಾರು ಪ್ರಶ್ನೆಯನ್ನೆತ್ತಿದರೆಂದು ನೋಡಬೇಕು. ೧೯೬೪ರಲ್ಲಿ ಇಲ್ಲವೆಂದ ಇಬ್ಬರು ಸೆನೆಟರುಗಳಾದ ಮೋರ್ಸರೂ ಗ್ರೂನಿಂಗರೂ ಜಾನ್ಸನ್ನರ ಪಕ್ಷದವರೇ. ೧೯೬೮ರಲ್ಲಿ ಇಬ್ಬರೂ ಸ್ಥಾನ ಕಳೆದುಕೊಂಡರು. ೨೦೦೨ರಲ್ಲಿ ಸೆನೆಟ್ಟಿನ ರಿಪಬ್ಲಿಕನ್ನರಲ್ಲಿ ಇಲ್ಲವೆಂದವರು ಒಬ್ಬರೇ. ಅವರ ಹೆಸರೂ ಲಿಂಕನ್, ಲಿಂಕನ್ ಛೇಫಿ. ಇರಾಕಿನಲ್ಲಿದೆಯೆಂದು ಹೇಳಿದ ಮಹಾಮಾರಕ ಅಸ್ತ್ರಗಳು ಅಲ್ಲಿ ಸಿಕ್ಕಲೇ ಇಲ್ಲ. ಛೇಫಿಯವರು ೨೦೦೬ರ ಚುನಾವಣೆಯಲ್ಲಿ ಸೋತರು. ಇಂತಹವರ ಸಂಖ್ಯೆ ಎಲ್ಲ ಕಾಲದಲ್ಲಿಯೂ ಕಡಿಮೆ. ಅವರಿಗೆ ದೊರೆಯುವ ಕೂಲಿಯೂ ಇಷ್ಟೇ.

ಆ ಒರೆಗಲ್ಲಿಗೆ ನಮ್ಮನ್ನೂ ತೀಡಿಕೊಳ್ಳಬೇಕು. ಯಾವುದೇ ದೇಶದ ನಾಯಕರು ಯುದ್ಧಕ್ಕೆ ಹೊರಟರೆಂಬ ಸುದ್ದಿಯನ್ನೋದಿ ಭೇಷ್ ಎನ್ನಬೇಕೆಂದು ತೋರಿದಾಗ, ಅವರ ಹೆಸರನ್ನು ಅಳಿಸಿ ನಮಗೆ ಬೇಡವಾದವರ ಹೆಸರನ್ನು ಅಲ್ಲಿ ಬರೆದುನೋಡೋಣ. ಆಗಲೂ ಭೇಷ್ ಎನ್ನುವೆವಾದರೆ ಅದು ನಮ್ಮ ಅಭಿಪ್ರಾಯ. ಇಲ್ಲವಾದರೆ ಅದು ನಮ್ಮ ಪಕ್ಷ. ಛೀ ಎನ್ನುವಾಗಲೂ ಹೀಗೆಯೇ. ಉತ್ತರನ ಪೌರುಷ ಒಲೆಯ ಮುಂದೆ ಎಂಬಂತೆ ಜಗಲಿಯ ಮೇಲೆ ಕುಳಿತು ಯುದ್ಧವನ್ನು ಗೆಲ್ಲಿಸುವವರಿಗೂ ಸೋಲಿಸುವವರಿಗೂ ಕಷ್ಟವೇನೂ ಇಲ್ಲ. ರಿಯೋ ಗ್ರಾಂಡೆಯ ದಡದಲ್ಲಿ ಜ್ವರದಿಂದ ಸತ್ತ ಹುಡುಗರು ಯಾವ ಪಕ್ಷದ ಮನೆಯವರೆಂದು ಮಣ್ಣು ಕೇಳಲಿಲ್ಲ.

ನಮ್ಮ ತರಗತಿಯ ಆ ಹುಡುಗನು ಈಗ ಎಲ್ಲಿರುವನೋ ತಿಳಿಯದು. ಅವನೂ ಗೃಹಸ್ಥನಾಗಿ, ಈ ಪುಟವನ್ನು ಓದುತ್ತಿದ್ದರೂ ಇರಬಹುದು. ಅಂದು ಕೊಡದೆ ಉಳಿಸಿಕೊಂಡ ಉತ್ತರವನ್ನು ಇಂದು ಕೊಡುತ್ತಿದ್ದೇವೆ: ಇಲ್ಲಪ್ಪ, ಕೇಳಿ ಮಾಡಲಿಲ್ಲ, ಮಾಡಿ ಆಮೇಲೆ ಕೇಳಿದರು. ನಿನ್ನ ಪ್ರಶ್ನೆ ಸರಿಯಾಗಿದ್ದಿತು. ಕೂತುಕೋ ಎಂದ ನಾವೇ ತಪ್ಪಿದವರು.